ಗಾಜಿನ ಜಾಡಿಯಲ್ಲಿ ಆಳ ಸಮುದ್ರದ ಜೀವಿಗಳು: ಈ ಹುಚ್ಚು ಇರುವವರು ಯಾರಾದರೂ ಇದ್ದೀರಾ?

ಜಾಡಿಜಗ್ಗ
ಎಲ್ಲರಿಗೂ ನಮಸ್ಕಾರ. ಇರುವುದು ಬೆಂಗಳೂರಿನಲ್ಲಿ. ಮೊದಲು ಚಿಪ್ಪು, ಆಮೇಲೆ ಕಲ್ಲು, ಈಗ ಆಳ ಸಮುದ್ರದ ಜೀವಿಗಳ ಹುಚ್ಚು ಹಿಡಿದಿದೆ. ಆನ್‌ಲೈನಿನಲ್ಲಿ ಒಬ್ಬರ ಹತ್ತಿರ ಒಂದು ಜಾಡಿ ಕೊಂಡೆ. ಒಳಗೆ ಗೇಣುದ್ದದ ಕಪ್ಪು ಮೀನು. ಬಾಯಿ ತುಂಬಾ ಸೂಜಿಯಂಥ ಹಲ್ಲು. ಸ್ಟಿಕರ್ ಮೇಲೆ "ಡೀಪ್ ಸೀ ಫಿಶ್, ಒರಿಜಿನಲ್" ಅಂತ ಇದೆ, ಅಷ್ಟೇ. ಬಂದಾಗ ದ್ರವ ತಿಳಿಯಾಗಿತ್ತು. ಈಗ ಕಂದು ಬಣ್ಣಕ್ಕೆ ತಿರುಗಿದೆ, ಮುಚ್ಚಳದ ಸುತ್ತ ತುಕ್ಕು ಬಂದಿದೆ. ತೆರೆದರೆ ಕಣ್ಣು ಉರಿಯುತ್ತದೆ. ಮಾರಿದವರಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ.

ಈ ದ್ರವ ಬದಲಿಸಬೇಕಾ? ಬದಲಿಸುವುದಾದರೆ ಏನು ಹಾಕಬೇಕು? ಮುಂದೆ ಒಂದು ದೈತ್ಯ ಐಸೊಪಾಡ್ (ಏಡಿ, ಸೀಗಡಿ ಬಳಗದ, ದೊಡ್ಡ ಹುಳುವಿನಂಥ ಜೀವಿ) ಕೊಳ್ಳುವ ಆಸೆಯೂ ಇದೆ. ನಮ್ಮ ದೇಶದಲ್ಲೇ ಸಿಗುತ್ತದಾ? ಕಾನೂನಿನ ತಕರಾರು ಏನಾದರೂ ಇದೆಯಾ? ಫೋಟೋ ಹಾಕಿದ್ದೇನೆ, ನೋಡಿ ಹೇಳಿ.

ನಿವೃತ್ತ ಲ್ಯಾಬ್‌ನವರು
ಕಣ್ಣು ಉರಿಯುತ್ತದೆ ಎಂದರೆ ಅದು ಫಾರ್ಮಲಿನ್. ಮೊದಲು ಕಿಟಕಿ ತೆಗೆಯಿರಿ, ಕೈಗೆ ಗ್ಲವ್ಸ್ ಹಾಕಿ. ಅದು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ, ಮನೆಯಲ್ಲಿ ಆಟ ಆಡುವಂಥದ್ದಲ್ಲ.

ಬಣ್ಣ ಬಂದಿರುವುದಕ್ಕೆ ಗಾಬರಿ ಬೇಡ. ಮೀನಿನ ಕೊಬ್ಬು, ಬಣ್ಣ ನಿಧಾನಕ್ಕೆ ಹೊರಗೆ ಬರುತ್ತವೆ. ನನಗೆ ಚಿಂತೆ ಇರುವುದು ತುಕ್ಕಿನ ಬಗ್ಗೆ. ಫಾರ್ಮಲಿನ್ ಹಳೆಯದಾದಂತೆ ಹುಳಿಯಾಗುತ್ತದೆ. ಹುಳಿಯಾದರೆ ಮೂಳೆಯ ಸುಣ್ಣವನ್ನೇ ಕರಗಿಸುತ್ತದೆ. ಅದಕ್ಕೇ ನಾವು ಅದಕ್ಕೆ ಬೋರಾಕ್ಸ್ ಹಾಕುತ್ತಿದ್ದೆವು.

ನೀವು ಕೇಳಿದ್ದಕ್ಕೆ ಉತ್ತರ: ಫಾರ್ಮಲಿನ್ ಇರುವುದು ಮಾಂಸ ಕೊಳೆಯದ ಹಾಗೆ ಗಟ್ಟಿ ಮಾಡುವುದಕ್ಕೆ, ಆ ಕೆಲಸ ಮುಗಿದ ಮೇಲೆ ಅದರಲ್ಲೇ ಇಡಬಾರದು. ಹೊಸ ಮೀನಾದರೆ ಮೊದಲು ಅಂಗಡಿಯಲ್ಲಿ ಸಿಗುವ ಫಾರ್ಮಲಿನ್ 1 ಭಾಗ, ನೀರು 9 ಭಾಗ ಬೆರೆಸಿ ಅದರಲ್ಲಿ ಇಡಬೇಕು. ಸಮುದ್ರದ ಜೀವಿಯಾದರೆ ಸಮುದ್ರದ ನೀರೇ ಒಳ್ಳೆಯದು. ಸಣ್ಣ ಮೀನು ಎರಡು ಮೂರು ದಿನ, ದೊಡ್ಡದು ಒಂದೆರಡು ವಾರ. ದೊಡ್ಡದಾದರೆ ಹೊಟ್ಟೆಯ ಬಲಗಡೆ ಸಣ್ಣದಾಗಿ ಸೀಳಬೇಕು, ಇಲ್ಲದಿದ್ದರೆ ಹೊರಗೆ ಗಟ್ಟಿ, ಒಳಗೆ ಕೊಳೆತ. ಎಡಗಡೆ ಮುಟ್ಟುವುದಿಲ್ಲ. ಫೋಟೋ, ಅಳತೆ ಎಲ್ಲ ಎಡಗಡೆಯಿಂದಲೇ ತೆಗೆಯುವುದು ವಾಡಿಕೆ. ಆಮೇಲೆ ನೀರಲ್ಲಿ ಎರಡು ದಿನ ನೆನೆಸಿ, ನೀರು ಬದಲಿಸುತ್ತಾ ಇರಿ. ನಂತರ 30, 50, 70 ಶೇಕಡಾ ಎಥನಾಲ್, ಹಂತ ಹಂತವಾಗಿ. ಒಮ್ಮೆಲೇ 70ಕ್ಕೆ ಹಾಕಿದರೆ ಆಳ ಸಮುದ್ರದ ಮೀನು ಸುಕ್ಕುಗಟ್ಟುತ್ತದೆ, ಅದರ ಮೈಯಲ್ಲಿ ನೀರೇ ಜಾಸ್ತಿ.

ನಿಮ್ಮ ಮೀನು ಈಗಾಗಲೇ ಗಟ್ಟಿಯಾಗಿದೆ. ಸೀದಾ ನೆನೆಸುವ ಹಂತಕ್ಕೆ ಹೋಗಿ. ಹಳೆಯ ದ್ರವವನ್ನು ಮಾತ್ರ ಸಿಂಕಿಗೆ ಸುರಿಯಬೇಡಿ. ಮುಚ್ಚಳ ಭದ್ರವಾಗಿರುವ ಕ್ಯಾನಿನಲ್ಲಿ ತುಂಬಿ, ಹತ್ತಿರದ ಕಾಲೇಜು ಲ್ಯಾಬಿನವರು ತೆಗೆದುಕೊಳ್ಳುತ್ತಾರಾ ಕೇಳಿ.

ಸುಮ್ನೆ ಬಂದೆ
70 ಶೇಕಡಾ ಎಥನಾಲಾ? ಗುರು, ವಿಸ್ಕಿಯೇ 42.8.

ನಿವೃತ್ತ ಲ್ಯಾಬ್‌ನವರು
@ಸುಮ್ನೆ ಬಂದೆ ನಗಬೇಡಿ. ಹಿಂದಿನ ಕಾಲದ ಹಡಗುಗಳಲ್ಲಿ ರಮ್ಮು, ಬ್ರಾಂದಿ, ಅರಾಕ್ ಏನು ಸಿಕ್ಕಿದರೂ ಅದರಲ್ಲೇ ಮೀನು ಮುಳುಗಿಸುತ್ತಿದ್ದರು.

ಹುಬ್ಳಿ ಪಾಟೀಲ
ಅಲ್ರೀ ಸರ್, ಎಥನಾಲ್ ಸಾಮಾನ್ಯ ಜನಕ್ಕೆ ಎಲ್ಲಿ ಸಿಗುತ್ತದೆ? ಅದು ಅಬಕಾರಿ ಇಲಾಖೆಯ ಲೈಸೆನ್ಸ್ ಬಾಬತ್ತು. ಕಾಲೇಜಿಗೆ ಕೊಡುತ್ತಾರೆ, ನಿಮ್ಮ ನಮ್ಮ ಮನೆಗೆ ಕೊಡುವುದಿಲ್ಲ. ಜಗ್ಗಣ್ಣ, ನೀವು ಐಸೊಪ್ರೊಪೈಲ್ ಆಲ್ಕೋಹಾಲ್ ತಗೊಳ್ಳಿ. ಸರ್ಜಿಕಲ್ ಅಂಗಡಿಯಲ್ಲೂ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಡಿಸ್ಟಿಲ್ಡ್ ನೀರು ಸೇರಿಸಿ 50 ಶೇಕಡಾಕ್ಕೆ ಇಳಿಸಿ ಇಟ್ಟರೆ ಸಾಕು. ಹೊರದೇಶದ ಎಷ್ಟೋ ಮೀನಿನ ಮ್ಯೂಸಿಯಂಗಳಲ್ಲಿ ಅದೇ ಬಳಸುತ್ತಾರೆ.

ನಿವೃತ್ತ ಲ್ಯಾಬ್‌ನವರು
ಪಾಟೀಲರು ಹೇಳಿದ್ದು ಸರಿ. ಒಂದೇ ಮಾತು ಸೇರಿಸುತ್ತೇನೆ: ಎರಡೂ ಬೇಗ ಹೊತ್ತಿಕೊಳ್ಳುತ್ತವೆ. ದೇವರ ಮನೆ, ಗ್ಯಾಸ್ ಒಲೆ ಹತ್ತಿರ ಬೇಡ. ಬಿಸಿಲಿಗೂ ಬೇಡ. ಉಪ್ಪಿನಕಾಯಿ ಬಾಟಲಿಯ ತಗಡಿನ ಮುಚ್ಚಳ ಬಿಸಾಕಿ, ಪಾಲಿಪ್ರೊಪಿಲೀನ್ ಮುಚ್ಚಳದ ಜಾಡಿ ತನ್ನಿ. ರಬ್ಬರ್ ರಿಂಗ್ ಆಲ್ಕೋಹಾಲಿಗೆ ಹಾಳಾಗುತ್ತದೆ. ಎಷ್ಟೇ ಬಿಗಿ ಮಾಡಿದರೂ ಆವಿಯಾಗುತ್ತದೆ, ಆಗಾಗ ತುಂಬಿಸುತ್ತಿರಬೇಕು.

ದಕ್ಕೆಹುಡುಗ
ಎಂತ ಮಾರಾಯ್ರೇ, ದುಡ್ಡು ಕೊಟ್ಟು ಯಾಕೆ ತಗೊಂಡಿರಿ? ನಾನು ಮಲ್ಪೆಯವನು. ಟ್ರಾಲ್ ಬೋಟಿನಲ್ಲಿ ವಿಚಿತ್ರ ಮೀನು ಎಷ್ಟು ಬೇಕಾದರೂ ಬರುತ್ತದೆ. ತಿನ್ನಲು ಆಗದ್ದು, ಸಣ್ಣದು, ಪುಡಿಯಾದದ್ದು ಎಲ್ಲ ಫಿಶ್‌ಮೀಲ್ (ಮೀನಿನ ಹುಡಿ) ಲಾರಿಗೆ ಹೋಗುತ್ತದೆ. ಕಲೆಕ್ಷನ್ ಮಾಡುವವರು ಅದರಿಂದ ಹೆಕ್ಕಬೇಕು. ಯಾವ ಮೀನನ್ನೂ ಅದಕ್ಕಾಗಿ ಹಿಡಿದ ಹಾಗೆ ಆಗುವುದಿಲ್ಲ. ತಂಡೇಲರ (ಬೋಟು ನಡೆಸುವವರ) ಪರಿಚಯ ಇದ್ದರೆ ಐಸ್‌ನಲ್ಲಿ ಎತ್ತಿಟ್ಟು ಕೊಡುತ್ತಾರೆ. ನನ್ನ ಹತ್ತಿರ ಡಿಸ್ಕೋ ಮೀನು ಒಂದು ಉಂಟು ಜಾಡಿಯಲ್ಲಿ, ಕಣ್ಣು ನೋಡಬೇಕು ನೀವು.

ಕಡಲತಡಿ ಟೀಚರ್
@ದಕ್ಕೆಹುಡುಗ ಫಿಶ್‌ಮೀಲ್ ರಾಶಿಯಿಂದ ಹೆಕ್ಕುವುದು ಒಳ್ಳೆಯ ಸಲಹೆ. ಆದರೆ ಡಿಸ್ಕೋ ಆಳ ಸಮುದ್ರದ ಮೀನಲ್ಲ. ನಮ್ಮ ಬೋಟುಗಳು ವಾರಗಟ್ಟಲೆ ಹೋದರೂ ಹೆಚ್ಚಾಗಿ ಬಲೆ ಎಳೆಯುವುದು ಖಂಡದ ಅಂಚಿನ ಒಳಗೇ. ವಿಜ್ಞಾನಿಗಳ ಲೆಕ್ಕದಲ್ಲಿ 200 ಮೀಟರ್ ದಾಟಿದ ಮೇಲೆ ಆಳ ಸಮುದ್ರ. ನಮ್ಮ ಕರಾವಳಿಯಿಂದ ಅಲ್ಲಿಗೆ ಹೋಗಬೇಕಾದರೆ ನೂರು ಕಿಲೋಮೀಟರಿನ ಆಸುಪಾಸು ದೂರ. ಆ ಆಳದ ಜೀವಿ ಬೇಕಾದರೆ ಕೇರಳದ ಕೊಲ್ಲಂ ಕಡೆ ನೋಡಬೇಕು. ಶಕ್ತಿಕುಳಂಗರ, ನೀಂಡಕರ ಬಂದರುಗಳಿಗೆ ಆಳ ಸಮುದ್ರದ ಕೆಂಪು ಸೀಗಡಿ ಬರುತ್ತದೆ. ಅದರ ಜೊತೆಗೆ ಮಿಣುಕು ಮೀನು, ಕಪ್ಪು ಮೀನು, ಕೆಲವೊಮ್ಮೆ ಐಸೊಪಾಡ್ ಕೂಡ.

ಜಗ್ಗ ಅವರೇ, ಫೋಟೋ ನೋಡಿದೆ. ಗಲ್ಲದ ಕೆಳಗೆ ಮೀಸೆಯಂಥ ಎಳೆ ಇದೆಯಾ? ಬೆನ್ನಿನ ಈಜುರೆಕ್ಕೆ ತಲೆಯ ಹಿಂದೆಯೇ ಇದೆಯಾ, ಬಾಲದ ಹತ್ತಿರ ಇದೆಯಾ?

ಜಾಡಿಜಗ್ಗ
ಮೇಡಂ, ಎಳೆ ಇದೆ. ರೆಕ್ಕೆ ಬಾಲದ ಹತ್ತಿರ ಇದೆ. ಮೈ ಮೇಲೆ ಆರು ಮೂಲೆಯ ಗುರುತುಗಳ ಸಾಲು ಕಾಣುತ್ತದೆ.

ಕಡಲತಡಿ ಟೀಚರ್
ಹಾಗಾದರೆ ವೈಪರ್‌ಫಿಶ್ (ಉದ್ದ ಹಲ್ಲಿನ ಇನ್ನೊಂದು ಆಳದ ಮೀನು) ಅಲ್ಲ. ಅದಕ್ಕೂ ಆರು ಮೂಲೆಯ ಗುರುತಿರುತ್ತದೆ, ಆದರೆ ಬೆನ್ನಿನ ರೆಕ್ಕೆ ತಲೆಯ ಹಿಂದೆಯೇ ಇದ್ದು ಮೊದಲ ಕಡ್ಡಿ ಉದ್ದವಾಗಿರುತ್ತದೆ. ನಿಮ್ಮದು ಗಲ್ಲದಲ್ಲಿ ಎಳೆ ಇರುವ ಸ್ಟೋಮಿಯಾಸ್ ಎಂಬ ಮೀನಿನ ಗುಂಪಿನದು ಅನಿಸುತ್ತದೆ. ಹೊಟ್ಟೆಯ ಉದ್ದಕ್ಕೂ ಚುಕ್ಕೆಗಳ ಸಾಲು ಇದೆಯಲ್ಲ, ಅವು ಬೆಳಕಿನ ಅಂಗಗಳು. ಯಾವ ಜಾತಿ ಎಂದು ಹೇಳಬೇಕಾದರೆ ಅವನ್ನು ಎಣಿಸಬೇಕು, ಎಲ್ಲಿ ಹಿಡಿದದ್ದು ಎಂದೂ ಗೊತ್ತಿರಬೇಕು. "ಒರಿಜಿನಲ್" ಎಂದು ಬರೆದವರು ಅದೊಂದನ್ನು ಬರೆದಿದ್ದರೆ ಆಗುತ್ತಿತ್ತು. ಸಮುದ್ರ ಯಾವುದು, ಆಳ ಎಷ್ಟು, ತಾರೀಖು ಯಾವುದು ಅಂತ ಇಲ್ಲದ ಜಾಡಿ ಶೋಕೇಸಿನ ಗೊಂಬೆ ಅಷ್ಟೇ.

ರೆಸಿನ್ ರಾಣಿ
ಗೊಂಬೆಯಾದರೆ ಏನು ತಪ್ಪು? ಚಂದ ಕಾಣುತ್ತದೆ ಅಂತ ಇಟ್ಟುಕೊಳ್ಳುತ್ತಾರೆ. ಎಲ್ಲರೂ ಪಿಎಚ್‌ಡಿ ಮಾಡಬೇಕಾ? ಈ ದ್ರವದ ರಗಳೆಯೇ ಬೇಡ, ರೆಸಿನ್‌ನಲ್ಲಿ ಎರಕ ಹಾಕಿಸಿ. ಸೋರುವುದಿಲ್ಲ, ವಾಸನೆ ಇಲ್ಲ.

ಹುಬ್ಳಿ ಪಾಟೀಲ
ರೆಸಿನ್ ಒಳಗೆ ಒಂಚೂರು ನೀರಿನ ಅಂಶ ಉಳಿದರೂ ಮಂಜು ಹಿಡಿಯುತ್ತದೆ ಅಕ್ಕಾ. ಏಡಿ, ಜೀರುಂಡೆ ಸರಿ. ಆಳ ಸಮುದ್ರದ ಮೆತ್ತನೆ ಮೀನಿಗೆ ಆಗಿಬರುವುದಿಲ್ಲ.

ಕಾಯ್ದೆ ಕಾಮತ್
ರೆಸಿನ್ ಮಾತು ಬಂತು ಎಂದು ಹೇಳುತ್ತೇನೆ. ಸಮುದ್ರಕುದುರೆಯನ್ನು ರೆಸಿನ್‌ನಲ್ಲಿ ಹಾಕಿದ ಕೀಚೈನ್ ಯಾರ ಹತ್ತಿರವಾದರೂ ಇದ್ದರೆ ಹುಷಾರು. ಸಮುದ್ರಕುದುರೆ ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಅದೇ ಶೆಡ್ಯೂಲ್ 1ರಲ್ಲಿದೆ. ಸಮುದ್ರ ಸೌತೆ, ಕಪ್ಪು ಹವಳ, ಸಮುದ್ರ ಬೀಸಣಿಗೆ, ಗರಗಸ ಮೀನು, ತಿಮಿಂಗಿಲ ಶಾರ್ಕ್ ಎಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬರುತ್ತವೆ. ಶೆಡ್ಯೂಲ್ 1ರ ತಪ್ಪಿಗೆ 3ರಿಂದ 7 ವರ್ಷ ಜೈಲು. "ನಾನು ಹಿಡಿದದ್ದಲ್ಲ, ಕೊಂಡದ್ದು" ಎಂದರೆ ಕೇಳುವುದಿಲ್ಲ. ಬಲೆಗೆ ತಾನಾಗಿ ಬಂದು ಸತ್ತದ್ದಾದರೂ ಇಟ್ಟುಕೊಳ್ಳುವ ಹಾಗಿಲ್ಲ.

ಆಳದ ಜೀವಿ ಸಂಗ್ರಹಿಸುವವರು ಸಾಮಾನ್ಯವಾಗಿ ಸಿಕ್ಕಿಬೀಳುವುದು ನಾಟಿಲಸ್ (ಆಕ್ಟೋಪಸ್ ಬಳಗದ, ಸುರುಳಿ ಚಿಪ್ಪಿನ ಜೀವಿ) ಚಿಪ್ಪಿನಲ್ಲಿ. ಅದೂ ಶೆಡ್ಯೂಲ್ 1. ಮೇಲಾಗಿ 2017ರಿಂದ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲೂ ಇದೆ, ಹೊರದೇಶದಿಂದ ಸುಮ್ನೆ ಬ್ಯಾಗಿನಲ್ಲಿ ಹಾಕಿಕೊಂಡು ಬರುವ ಹಾಗಿಲ್ಲ.

ಜಗ್ಗ ಅವರ ಮೀನು, ಐಸೊಪಾಡ್ ಈ ಕಾಯ್ದೆಯ ಪಟ್ಟಿಗಳಲ್ಲಿ ಇಲ್ಲ. ಆದರೂ ಯಾರಿಂದ, ಯಾವಾಗ ಬಂತು ಎಂಬ ಚೀಟಿ ಇಟ್ಟುಕೊಳ್ಳಿ.

ಸುಮ್ನೆ ಬಂದೆ
ನಮ್ಮಜ್ಜಿ ಮನೆಯ ಶೋಕೇಸಿನಲ್ಲಿ ನಾಟಿಲಸ್ ಇದೆ. ಈಗ ಅಜ್ಜಿಯನ್ನು ಹಿಡಿದುಕೊಂಡು ಹೋಗುತ್ತಾರಾ?

ಕಾಯ್ದೆ ಕಾಮತ್
ಮಾರಲು ಮಾತ್ರ ಹೋಗಬೇಡಿ. ಆನ್‌ಲೈನ್ ಜಾಹೀರಾತು ಹಾಕುವುದಂತೂ ಬೇಡವೇ ಬೇಡ. ಉಳಿದದ್ದನ್ನು ಹತ್ತಿರದ ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳಿ.

ಕುಂದಾಪ್ರದ್ ಮಾಣಿ
ತಿಮಿಂಗಿಲದ ವಾಂತಿಯೂ ಹೀಗೆಯೇ ಅಲ್ವಾ? ಪೇಪರಿನಲ್ಲಿ ಆಗಾಗ ಬರುತ್ತದೆ, ಮಾರಲು ಹೋಗಿ ಸಿಕ್ಕಿಬಿದ್ದರು ಅಂತ.

ಕಾಯ್ದೆ ಕಾಮತ್
ಹೌದು. ಆ ತಿಮಿಂಗಿಲ ಶೆಡ್ಯೂಲ್ 1, ಅದರ ಹೊಟ್ಟೆಯಿಂದ ಬಂದದ್ದೂ ಅದೇ ಲೆಕ್ಕ. ತೇಲಿ ಬಂದು ಮರಳ ಮೇಲೆ ಸಿಕ್ಕಿದರೂ ಮಾರುವ ಹಾಗಿಲ್ಲ.

ಹಸಿರುಮನಸು
ನನಗೆ ಈ ಇಡೀ ಚರ್ಚೆಯೇ ಸರಿ ಕಾಣುತ್ತಿಲ್ಲ. ಆ ಕತ್ತಲಲ್ಲಿ ಬದುಕುವ ಜೀವಿಯನ್ನು ತಂದು ಬಾಟಲಿಯಲ್ಲಿ ತುಂಬಿ ಯಾರಿಗೆ ಏನು ಲಾಭ? ಈಗ ಕ್ಯಾಮೆರಾ ಇದೆ, ರೋಬೋಟ್ ಇದೆ. ನಮ್ಮದೇ ಮತ್ಸ್ಯ 6000 ಜಲನೌಕೆ ಮಾಡುತ್ತಿದ್ದಾರೆ, ಮೂರು ಜನ 6000 ಮೀಟರ್ ಇಳಿದು ಕಣ್ಣಾರೆ ನೋಡಬಹುದು. ಫೋಟೋ ತೆಗೆದರೆ ಸಾಲದಾ?

ಕಡಲತಡಿ ಟೀಚರ್
ಸಾಲದು. ಒಂದು ಉದಾಹರಣೆ ಕೊಡುತ್ತೇನೆ. 2022ರಲ್ಲಿ ಗ್ರೀಸ್ ದೇಶದ ಕಡಲತೀರದಲ್ಲಿ ಗಾಬ್ಲಿನ್ ಶಾರ್ಕ್ ಮರಿ ಸಿಕ್ಕಿದೆ ಅಂತ ಒಂದು ವಿಜ್ಞಾನ ಪತ್ರಿಕೆಯಲ್ಲಿ ಬಂತು. ಮೆಡಿಟರೇನಿಯನ್‌ನಲ್ಲಿ ಅದೇ ಮೊದಲು. ಆಧಾರ ಒಂದೇ ಒಂದು ಫೋಟೋ. ಬೇರೆ ತಜ್ಞರು ನೋಡಿ, ಇದು ಪ್ಲಾಸ್ಟಿಕ್ ಆಟಿಕೆಯ ಹಾಗಿದೆಯಲ್ಲ ಎಂದರು. 2023ರಲ್ಲಿ ಲೇಖನ ವಾಪಸ್ ಪಡೆದರು. ಜಾಡಿಯಲ್ಲಿ ಮೀನು ಇದ್ದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ.

ಇನ್ನೊಂದು ಕಥೆ ಇದಕ್ಕೆ ಉಲ್ಟಾ. 1938ರ ಡಿಸೆಂಬರ್, ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಊರು. ಮಾರ್ಜರಿ ಕೋರ್ಟ್ನಿ ಲ್ಯಾಟಿಮರ್ ಅಲ್ಲಿನ ಸಣ್ಣ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದರು. ಬಂದರಿಗೆ ಬಂದ ಟ್ರಾಲರಿನ ರಾಶಿಯಲ್ಲಿ ಒಂದೂವರೆ ಮೀಟರ್ ಉದ್ದದ ನೀಲಿ ಮೀನು ಕಂಡರು. ದಕ್ಕೆಹುಡುಗರು ಹೇಳಿದಂಥದ್ದೇ ರಾಶಿ. ಟ್ಯಾಕ್ಸಿಯವನನ್ನು ಒಪ್ಪಿಸಿ ಮ್ಯೂಸಿಯಂಗೆ ತಂದರು. ಇಡುವುದು ಎಲ್ಲಿ? ಶವಾಗಾರದವರು ಆಗುವುದಿಲ್ಲ ಎಂದರು, ಕೋಲ್ಡ್ ಸ್ಟೋರೇಜಿನವರೂ ಆಗುವುದಿಲ್ಲ ಎಂದರು. ಇದ್ದಷ್ಟು ಫಾರ್ಮಲಿನ್‌ನಲ್ಲಿ ಬಟ್ಟೆ ನೆನೆಸಿ ಸುತ್ತಿದರು. ಆಫ್ರಿಕಾದ ಡಿಸೆಂಬರ್ ಎಂದರೆ ಬೇಸಿಗೆ. ಕೊನೆಗೆ ಒಳಗಿನ ಅಂಗಗಳನ್ನು ಬಿಸಾಕಿ ಚರ್ಮವನ್ನು ಮಾತ್ರ ಉಳಿಸಬೇಕಾಯಿತು. ಮೀನು ತಜ್ಞ ಜೆ.ಎಲ್.ಬಿ. ಸ್ಮಿತ್ ಅವರು ಆಕೆ ಬರೆದು ಕಳಿಸಿದ ಚಿತ್ರ ನೋಡಿ ಬೆಚ್ಚಿಬಿದ್ದರು. ಡೈನೋಸಾರ್ ಕಾಲಕ್ಕೇ ಮುಗಿಯಿತು ಎಂದುಕೊಂಡಿದ್ದ ಸೀಲಕಾಂತ್ ಅದು. ಒಳಗಿನ ಅಂಗ ನೋಡಲು ಎರಡನೇ ಮೀನು ಸಿಗಬೇಕಾಯಿತು. ಅದು ಸಿಕ್ಕಿದ್ದು 1952ರಲ್ಲಿ, ಕೊಮೊರೊಸ್ ದ್ವೀಪದಲ್ಲಿ. ಒಂದು ಡ್ರಮ್ ಫಾರ್ಮಲಿನ್ ಇಲ್ಲದ್ದಕ್ಕೆ 14 ವರ್ಷ ಕಾಯಬೇಕಾಯಿತು.

ಹಸಿರುಮನಸು
ಮ್ಯೂಸಿಯಂಗೆ ಬೇಕು, ಒಪ್ಪಿದೆ. ಬೆಂಗಳೂರಿನ ಫ್ಲ್ಯಾಟಿಗೆ ಯಾಕೆ ಬೇಕು ಎನ್ನುವುದು ನನ್ನ ಪ್ರಶ್ನೆ.

ಲಂಡನ್ ಲಕ್ಷ್ಮಿ
ನಾನು ಇಲ್ಲಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಸ್ಪಿರಿಟ್ ಸಂಗ್ರಹ ನೋಡಿದ್ದೇನೆ. 27 ಕಿಲೋಮೀಟರ್ ಉದ್ದದ ಕಪಾಟು ಅಂತೆ. ಒಂದು ಗಾಜಿನ ತೊಟ್ಟಿಯಲ್ಲಿ ದೈತ್ಯ ಸ್ಕ್ವಿಡ್ ಇದೆ, ಹೆಸರು ಆರ್ಚಿ, 8.62 ಮೀಟರ್. 2004ರಲ್ಲಿ ಫಾಕ್‌ಲ್ಯಾಂಡ್ ಹತ್ತಿರ ಬಲೆಗೆ ಬಿದ್ದದ್ದು. ಬಣ್ಣ ಪೂರ್ತಿ ಹೋಗಿದೆ, ಬೆಳ್ಳಗೆ ಮಲಗಿದೆ. ಆದರೂ ಅದರ ಮುಂದಿನಿಂದ ಕಾಲು ಕೀಳಲು ಆಗಲಿಲ್ಲ.

ದಕ್ಕೆಹುಡುಗ
8.62 ಮೀಟರ್ ಬೊಂಡಾಸ್! ಒಂದು ಮದುವೆಗೆ ಸಾಕು.

ಕುಂದಾಪ್ರದ್ ಮಾಣಿ
ಫಾರ್ಮಲಿನ್ ಹಾಕಿದ್ದು ಮಾರಾಯ್ರೇ, ತಿಂದರೆ ಮದುವೆಯ ಜೊತೆಗೆ ಇನ್ನೊಂದು ಕಾರ್ಯವೂ ಮಾಡಬೇಕಾದೀತು.

ಸುಮ್ನೆ ಬಂದೆ
ತಿನ್ನುವ ಮೀನಿಗೂ ಫಾರ್ಮಲಿನ್ ಹಾಕುತ್ತಿದ್ದರಲ್ಲ? 2018ರಲ್ಲಿ ಕೇರಳ, ಗೋವಾದಲ್ಲಿ ದೊಡ್ಡ ಗಲಾಟೆಯಾಗಿತ್ತು. ಆಮೇಲೆ ನಮ್ಮ ಮನೆಯಲ್ಲಿ ಎಷ್ಟೋ ದಿನ ಮೀನೇ ತರಲಿಲ್ಲ.

ಅಡ್ಮಿನ್
ಮೀನು ಸಾರಿನ ಚರ್ಚೆಗೆ ಬೇರೆ ಥ್ರೆಡ್ ಇದೆ. ಇಲ್ಲಿ ಜಾಡಿಗೆ ಬನ್ನಿ.

ಕ್ಯಾಲಿಫೋರ್ನಿಯಾ ಕುಮಾರ
ಐಸೊಪಾಡ್ ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ. ಅಮೆರಿಕದಲ್ಲಿ ಒಣಗಿಸಿ ಚೌಕಟ್ಟಿನಲ್ಲಿ ಕೂರಿಸಿದ್ದು ಸಿಗುತ್ತದೆ, ಹೆಚ್ಚಾಗಿ ಪೂರ್ವ ಏಷ್ಯಾದಿಂದ ಬಂದದ್ದು. ನನ್ನ ಹತ್ತಿರ ಒಂದಿದೆ. ಒಣಗಿಸುವಾಗ ಒಳಗಿನ ಕೊಬ್ಬು ಪೂರ್ತಿ ತೆಗೆಯದಿದ್ದರೆ ಎಣ್ಣೆ ಜಿನುಗುತ್ತದೆ, ಕೋಣೆಯೆಲ್ಲ ಒಣಮೀನಿನ ಅಂಗಡಿ ವಾಸನೆ.

ವಿಯೆಟ್ನಾಂನಲ್ಲಿ ಇದನ್ನು ತಿನ್ನುತ್ತಾರೆ. ಅಲ್ಲಿನ ಕ್ವಿ ನ್ಯೋನ್ ಊರಿನಲ್ಲಿ 2022ರಲ್ಲಿ ಮೀನುಗಾರರಿಂದ ಕೊಂಡ ದೊಡ್ಡ ಐಸೊಪಾಡ್‌ಗಳನ್ನು ಪರೀಕ್ಷೆ ಮಾಡಿದರೆ ಹೊಸ ಜಾತಿ! 32 ಸೆಂಟಿಮೀಟರ್ ದಾಟುತ್ತದೆ, ಕೆಜಿಗಿಂತ ಜಾಸ್ತಿ ತೂಕ. 2025ರಲ್ಲಿ ಬ್ಯಾತಿನೋಮಸ್ ವೇಡರಿ ಎಂದು ಹೆಸರಿಟ್ಟರು, ತಲೆ ಸ್ಟಾರ್ ವಾರ್ಸ್‌ನ ಡಾರ್ತ್ ವೇಡರ್ ಹೆಲ್ಮೆಟ್ಟಿನ ಹಾಗಿದೆ ಅಂತ. ಹಸಿರುಮನಸು ಅವರೇ, ಅಷ್ಟು ದೊಡ್ಡ ಪ್ರಾಣಿ ಹೊಸದು ಅಂತ ಗೊತ್ತಾಗುವ ಮೊದಲೇ ಜನರ ಊಟಕ್ಕೆ ಬಂದಿತ್ತು.

ಇನ್ನೊಂದು, ದ್ರವ ಇರುವ ಜಾಡಿಯನ್ನು ವಿಮಾನದಲ್ಲಿ ತರುತ್ತೇನೆ ಎಂದುಕೊಳ್ಳಬೇಡಿ. ಆಲ್ಕೋಹಾಲ್ ತುಂಬಿದ ಜಾಡಿ ಅವರ ಲೆಕ್ಕದಲ್ಲಿ ಬೆಂಕಿಯ ಅಪಾಯದ ವಸ್ತು.

ಕಡಲತಡಿ ಟೀಚರ್
ನಮ್ಮ ಸಮುದ್ರದ ಬ್ಯಾತಿನೋಮಸ್ (ದೈತ್ಯ ಐಸೊಪಾಡ್) ಹೊಸ ಸುದ್ದಿಯೇನಲ್ಲ. ಬ್ರಿಟಿಷರ ಕಾಲದ ಇನ್ವೆಸ್ಟಿಗೇಟರ್ ಎಂಬ ಸರ್ವೆ ಹಡಗಿನಲ್ಲಿ ಆಲ್ಫ್ರೆಡ್ ಆಲ್ಕಾಕ್ ಎಂಬ ವೈದ್ಯರು 1888ರಿಂದ ಕೆಲವು ವರ್ಷ ಬಂಗಾಳ ಕೊಲ್ಲಿ, ಅಂಡಮಾನ್, ಅರಬ್ಬಿ ಸಮುದ್ರದಲ್ಲಿ ಬಲೆ ಎಳೆದರು. ನಮ್ಮ ಕಡಲಿನ ಆಳದ ಮೀನು, ಸೀಗಡಿ, ಏಡಿಗಳಿಗೆ ಹೆಸರಿಟ್ಟಿದ್ದರಲ್ಲಿ ದೊಡ್ಡ ಪಾಲು ಅವರದು. ಆ ಜಾಡಿಗಳು ಕೋಲ್ಕತಾದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಸಂಗ್ರಹಕ್ಕೆ ಬಂದವು. ಈಗಲೂ ಒಂದು ಮೀನು ಹೊಸದೋ ಹಳೆಯದೋ ಎಂದು ಜಗಳ ಬಂದರೆ ಅವನ್ನೇ ತೆಗೆದು ನೋಡಬೇಕು. ಕೊಚ್ಚಿಯಲ್ಲಿ ಸಿಎಂಎಲ್‌ಆರ್‌ಇ ಎಂಬ ಕೇಂದ್ರ ಸರ್ಕಾರದ ಕಡಲ ಜೀವಿ ಸಂಶೋಧನಾ ಸಂಸ್ಥೆಯ "ಭವಸಾಗರ" ಎಂಬ ಸಂಗ್ರಹ ಆಳ ಸಮುದ್ರದ ಜೀವಿಗಳಿಗಾಗಿಯೇ ಇದೆ. ಸಾಗರ ಸಂಪದ ಎಂಬ ಸಂಶೋಧನಾ ಹಡಗು ತಂದದ್ದು ಅಲ್ಲಿಗೆ ಹೋಗುತ್ತದೆ. ಜಗ್ಗ ಅವರಿಗೆ ಮುಂದೆ ನಿಜವಾಗಿ ಅಪರೂಪದ್ದು ಸಿಕ್ಕಿದರೆ ಅಂಥ ಕಡೆ ಕೊಡಬೇಕು. ಮಂಗಳೂರು, ಕಾರವಾರದಲ್ಲಿ ಸಿಎಂಎಫ್‌ಆರ್‌ಐ (ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಕೇಂದ್ರಗಳಿವೆ, ಅಲ್ಲೂ ತೋರಿಸಬಹುದು.

ರೆಸಿನ್ ರಾಣಿ
ಕೊಟ್ಟುಬಿಡುವುದಾದರೆ ಸಂಗ್ರಹ ಯಾಕೆ?

ನಿವೃತ್ತ ಲ್ಯಾಬ್‌ನವರು
ಯಾಕೆಂದರೆ ನಿಮ್ಮ ನಂತರ ಆ ಜಾಡಿಗೆ ದ್ರವ ತುಂಬಿಸುವವರು ಯಾರು? ಹವ್ಯಾಸಿಗಳ ಸಂಗ್ರಹ ಒಣಗಿ ಕಸಕ್ಕೆ ಹೋದದ್ದನ್ನು ಬೇಕಾದಷ್ಟು ನೋಡಿದ್ದೇನೆ. ಚೀಟಿ ಇದ್ದರೆ ಯಾವುದಾದರೂ ಕಾಲೇಜು ತೆಗೆದುಕೊಳ್ಳುತ್ತದೆ. ಚೀಟಿ ಇಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ ಎನ್ನುತ್ತಾರೆ. ಚೀಟಿಯನ್ನು ಜಾಡಿಯ ಹೊರಗೆ ಅಂಟಿಸಬೇಡಿ, ಒಳಗೆ ಹಾಕಿ. ಗಟ್ಟಿ ಹತ್ತಿ ಕಾಗದ, ಪೆನ್ಸಿಲ್. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.

ಹುಬ್ಳಿ ಪಾಟೀಲ
ಜಗ್ಗಣ್ಣ, ಬಣ್ಣದ ಆಸೆಯನ್ನೂ ಈಗಲೇ ಬಿಡಿ. ಕಪ್ಪು ಉಳಿಯುತ್ತದೆ. ಕೆಂಪು ಸೀಗಡಿ ಆಲ್ಕೋಹಾಲಿಗೆ ಹೋದರೆ ಬಿಳಿಚಿಕೊಳ್ಳುತ್ತದೆ. ಆಕಾರವೂ ಅಷ್ಟೆ. ಇಂಟರ್ನೆಟ್ಟಿನಲ್ಲಿ ಮೂಗು ಜೋಲು ಬಿಟ್ಟ ಬ್ಲಾಬ್‌ಫಿಶ್ ಇದೆಯಲ್ಲ, ಆ ಮೀನು 2003ರಲ್ಲಿ ಸಿಕ್ಕಿದ್ದು, ಈಗ ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂನಲ್ಲಿ 70 ಶೇಕಡಾ ಆಲ್ಕೋಹಾಲಿನಲ್ಲಿದೆ. ಆ ಮೂಗು ಕುಗ್ಗಿಹೋಗಿದೆ ರೀ! ಅಸಲಿಗೆ ನೀರಿನೊಳಗೆ ಅದು ಸಾಮಾನ್ಯ ಮೀನಿನ ಹಾಗೇ ಇರುತ್ತದೆ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಅಲ್ಲಿಂದ ಎಳೆದು ತಂದರೆ ಯಾರ ಮುಖ ನೆಟ್ಟಗಿರುತ್ತದೆ?

ಲಂಡನ್ ಲಕ್ಷ್ಮಿ
ಬಣ್ಣ ಹೋಗುತ್ತದೆ ಎಂದೇ 19ನೇ ಶತಮಾನದಲ್ಲಿ ಬ್ಲಾಷ್ಕಾ ಎಂಬ ಅಪ್ಪ ಮಗ ಗಾಜಿನಲ್ಲೇ ಜೆಲ್ಲಿ ಮೀನು, ಆಕ್ಟೋಪಸ್ ಮಾಡಿ ಮ್ಯೂಸಿಯಂಗಳಿಗೆ ಮಾರುತ್ತಿದ್ದರು. ಹಸಿರುಮನಸು ಅವರಿಗೆ ಅದು ಇಷ್ಟವಾಗಬಹುದು.

ಹಸಿರುಮನಸು
ನೋಡಿದೆ. ಇದು ಚೆನ್ನಾಗಿದೆ. ಇದನ್ನು ಫ್ಲ್ಯಾಟಿನಲ್ಲಿ ಇಡಿ, ನನ್ನ ತಕರಾರಿಲ್ಲ.

ಜಾಡಿಜಗ್ಗ
ಎಲ್ಲರಿಗೂ ಥ್ಯಾಂಕ್ಸ್. ಐಸೊಪ್ರೊಪೈಲ್ ತಂದಿದ್ದೇನೆ, ಮೀನು ಈಗ ನೀರಿನಲ್ಲಿ ನೆನೆಯುತ್ತಿದೆ. ದಕ್ಕೆಹುಡುಗ ಅಣ್ಣ, ನಿಮ್ಮ ಕಡೆಯಿಂದ ಏನಾದರೂ ಸಿಗಬಹುದಾ? ಆಳದ್ದೇ ಬೇಕು ಅಂತ ಹಟ ಇಲ್ಲ.

ದಕ್ಕೆಹುಡುಗ
ಈಗ ಟ್ರಾಲ್ ನಿಷೇಧ ಉಂಟಲ್ಲ, ಜುಲೈ 31ರವರೆಗೆ ಬೋಟು ಇಳಿಯುವುದಿಲ್ಲ. ಆಗಸ್ಟ್‌ನಲ್ಲಿ ಮೆಸೇಜ್ ಮಾಡಿ. ತಂಡೇಲರಿಗೆ ಜಾಗ ಮತ್ತು ಆಳ ಬರೆದು ಕೊಡಲು ಹೇಳುತ್ತೇನೆ, ಜಿಪಿಎಸ್ ಅವರ ಹತ್ತಿರ ಹೇಗೂ ಇರುತ್ತದೆ. ಜಾಗ ಸರಿಯಾಗಿ ಹೇಳುತ್ತಾರಾ ಎನ್ನುವುದು ಬೇರೆ ಮಾತು. ಒಳ್ಳೆ ಮೀನು ಸಿಕ್ಕಿದ ಜಾಗ ಹೆಂಡತಿಗೂ ಹೇಳುವುದಿಲ್ಲ ಅವರು.

ಕಡಲತಡಿ ಟೀಚರ್
ಅಲ್ಲಿಯವರೆಗೆ ಸುಮ್ನೆ ಕೂರುವ ಬದಲು ಕಿವಿಕಲ್ಲು ಸಂಗ್ರಹಿಸಿ ನೋಡಿ. ಮೀನಿನ ತಲೆಯೊಳಗೆ ಇರುತ್ತದೆ, ಪ್ರತಿ ಜಾತಿಗೂ ಬೇರೆ ಆಕಾರ. ತೊಳೆದು ಒಣಗಿಸಿ ಸಣ್ಣ ಡಬ್ಬಿಯಲ್ಲಿ ಹಾಕಿದರೆ ಮುಗಿಯಿತು, ದ್ರವ ಬೇಡ. ಫಾರ್ಮಲಿನ್‌ಗೆ ಹಾಕಿದ ಮೀನಿನಿಂದ ಮಾತ್ರ ತೆಗೆಯಬೇಡಿ, ಹುಳಿಗೆ ಕರಗಿರುತ್ತದೆ. ಮಾರುಕಟ್ಟೆಯಲ್ಲಿ ತಂದ ಮೀನಿನ ತಲೆಯಿಂದಲೇ ಶುರು ಮಾಡಬಹುದು.

ಸುಮ್ನೆ ಬಂದೆ
ಅಡ್ಮಿನ್, ಈಗ ಮೀನು ಸಾರಿನ ಬಗ್ಗೆ ಮಾತಾಡಬಹುದಾ?